ಸೋಮಸೂತ್ರದ ಆಚೆ

ಚಾಮರಾಜಪೇಟೆಯಿಂದ ನಾನೂ ನನ್ನ ಪತ್ನಿ ಶೈಲಜೆಯೂ ಪುದುಚೇರಿಗೆ ಹೋಗಿದ್ದೆವು. ಕಡಲದಂಡೆಯ ಬಣ್ಣದ ಬೀದಿಗಳಲ್ಲಿ ಫೋಟೊ ತೆಗೆಯುವವರ ಗದ್ದಲ ಸಾಕೆನಿಸಿ, ನಡುಮಧ್ಯಾಹ್ನ ಹಿಂದಿನ ಓಣಿಯ ಜೀರ್ಣ ಶಿವಾಲಯವೊಂದನ್ನು ಹೊಕ್ಕೆವು.

ಅಭಿಷೇಕದ ನೀರು ಹೊರಹರಿಯುವ ಸೋಮಸೂತ್ರವನ್ನು ಪ್ರದಕ್ಷಿಣೆಯಲ್ಲಿ ದಾಟದೆ, ಅಲ್ಲಿಂದಲೇ ಹಿಂದಿರುಗಬೇಕೆಂಬುದು ವಿಧಿ. ಶೈಲಜೆ ಅದನ್ನು ಎಂದೂ ಮೀರಿದವಳಲ್ಲ. ಅಂದು ನನ್ನ ಮುಂದೆ ನಡೆಯುತ್ತಿದ್ದವಳು ನಿಲ್ಲದೆ ದಾಟಿಬಿಟ್ಟಳು. ಕಾದ ಕಲ್ಲಿನ ಮೇಲೆ ಅವಳ ಹೆಜ್ಜೆಗುರುತುಗಳು ಒದ್ದೆಯಾಗಿಯೇ ಉಳಿದಿದ್ದವು.

"ಲೇ, ನಿಲ್ಲೇ! ದಾಟ್ಬಾರ್ದು!"

ಅವಳು ತಿರುಗಲಿಲ್ಲ. ವಿಧಿಯನ್ನು ಮೀರಲಾರದೆ ನಾನು ಬಂದ ದಾರಿಯಲ್ಲೇ ಮುಂಬಾಗಿಲಿಗೆ ಓಡಿದೆ. ಶೈಲಜೆ ಅಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದಳು.

"ದಾಟೇಬಿಟ್ಯಲ್ಲೇ!"

"ನಾನೆಲ್ಲಿ ದಾಟಿದೆ? ಮಂಡಿನೋವು ಅಂತ ಆಗ್ಲಿಂದ ಇಲ್ಲೇ ಕೂತಿದೀನಿ. ದಾಟಿದ್ದು ನೀವು! ಆ ಕಡೆಯಿಂದ ಸುತ್ತಿ ಬಂದು, ಕರೆದ್ರೂ ತಿರುಗದೆ ಬೀದಿಗೆ ಹೋದ್ರಿ. ಈಗ ಒಳಗಿಂದ ಹೇಗೆ ಬಂದ್ರಿ?"

ಹೀಗೆಂದವಳು ನನ್ನ ಪಾದಗಳನ್ನೇ ದಿಟ್ಟಿಸುತ್ತ ಸೆರಗನ್ನು ಹತ್ತಿರಕ್ಕೆಳೆದುಕೊಂಡಳು. ಎಬ್ಬಿಸಲೆಂದು ಹಿಡಿದ ಅವಳ ಕೈ ಆ ಬಿಸಿಲಿನಲ್ಲೂ ತಣ್ಣಗಿತ್ತು. ನನ್ನ ಕೈಯೂ ಹಾಗೆಯೇ ಇದೆಯೆಂದು ಅವಳೆಂದಳು.

ಊರಿಗೆ ಮರಳಿ ತಿಂಗಳುಗಳೇ ಕಳೆದಿವೆ. ಮನೆಯಲ್ಲಿ, ದೇವರಕೋಣೆಯಲ್ಲಿ ಕೂಡ, ನಾವು ಒಬ್ಬರಿಗೊಬ್ಬರು ಬೆನ್ನು ತಿರುಗಿಸುವುದಿಲ್ಲ.