ತಯಾರಿಸಿದವರು: ಗುರುಬಸವ

"ಗುರುಬಸವ ಅಂದ್ರ ಯಾರು?"

ದಾನೇಶ್ವರಿ ಕೂಗಿದ ರಭಸಕ್ಕೆ ಮಸ್ಕಿಯ ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು.

ಕಂಪ್ಯೂಟರ್ ಮುಂದಿದ್ದ ಯುವಕ ಎದ್ದು ನಿಂತ. "ನಾನ ರೀ... ನೀವು ಸಿಂಧನೂರಿನ ದಾನೇಶ್ವರಿ ಮೇಡಂ?"

ನಾಲ್ಕು ತಿಂಗಳು ದಿನವೂ ಫೋನಿನಲ್ಲಿ ಕೇಳಿದ ದನಿ. ಮುಖ ನೋಡಿದ್ದು ಇದೇ ಮೊದಲು. ಕಣ್ಣುಗಳು ಇಷ್ಟು ಮೃದುವಾಗಿವೆಯಲ್ಲ... ಛೇ! ಕಳ್ಳನಿಗೆ ಎಂಥ ಕಣ್ಣಿದ್ದರೇನು?

ಮೊಬೈಲನ್ನು ಅವನ ಮುಖಕ್ಕೇ ಹಿಡಿದಳು. "ಓದು! 'ತಯಾರಿಸಿದವರು: ಗುರುಬಸವ.' ಬರೆದಾಕಿ ನಾನು, ಹೆಸರು ನಿಂದು!"

ಸಿಂಧನೂರು, ಲಿಂಗಸುಗೂರು, ಮಸ್ಕಿ ಲ್ಯಾಬುಗಳ ನಲವತ್ತು ಕಂಪ್ಯೂಟರ್‌ಗಳನ್ನು ಒಂದೇ ಆಜ್ಞೆಯಲ್ಲಿ ಸಜ್ಜು ಮಾಡುವ ಪ್ಲಗಿನ್‌ ಎಂಬ ಪುಟ್ಟ ಪ್ರೋಗ್ರಾಮುಗಳನ್ನು ಬರೆದವಳು ಅವಳು. ಅವನ್ನು ಯಾರು ಬೇಕಾದರೂ ಮತ್ತೆ ಮತ್ತೆ ಬಳಸುವಂತೆ ಪ್ಯಾಕೇಜ್ ಕಟ್ಟಿ, ಹೊಸಬರಿಗೆ ಕೈಪಿಡಿ ಬರೆಯುವುದಷ್ಟೇ ಅವನ ಕೆಲಸ. ಪ್ಯಾಕೇಜಿನ ಮೇಲಿನ ಹೆಸರು ನೋಡಿ ಎಲ್ಲವೂ ಅವನದೇ ಎಂದುಕೊಂಡ ಲ್ಯಾಬಿನ ಮಾಲೀಕರು ಇವತ್ತು ಬೆಳಿಗ್ಗೆ ಮೂರೂ ಲ್ಯಾಬುಗಳ ಉಸ್ತುವಾರಿಯನ್ನು ಗುರುಬಸವನಿಗೆ ಕೊಟ್ಟಿದ್ದರು. ಸುದ್ದಿ ಕೇಳಿದ್ದೇ ದಾನೇಶ್ವರಿ ಸಿಕ್ಕ ಬಸ್ಸು ಹತ್ತಿದ್ದಳು.

ಅವನ ಮುಖ ಬಿಳಿಚಿತು. "ಹೊಸಾ ಪ್ಯಾಕೇಜ್ ಶುರು ಮಾಡುವಾಗ ಹೆಸರಿನ ಜಾಗ ಖಾಲಿ ಬಿಡಾಕ ಬರಂಗಿಲ್ಲ ರೀ. ಸದ್ಯಕ್ಕ ಇರ್ಲಿ ಅಂತ ನಂದು ಹಾಕಿದ್ದೆ. ಆಮ್ಯಾಲ ತಿದ್ದೂದು..."

"ಮರ್ತಿ?"

"ಮರ್ತೆ ರೀ."

"ನನ್ನ ಕೆಲಸ ನೆನಪಿತ್ತು, ಹೆಸರು ಮರ್ತಿ! ನಾಚಿಗಿ ಬರಂಗಿಲ್ಲೇನು?"

ಅವನು ಮಾಲೀಕರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದ.

"ಸರ್, ಅದನ್ನ ಬರದೋರು ದಾನೇಶ್ವರಿ ಮೇಡಂ. ತಪ್ಪು ನಂದು. ಉಸ್ತುವಾರಿ ಅವರಿಗೇ ಕೊಡ್ರಿ."

ಮಾಲೀಕರು ಅವನನ್ನು ಬಾಯಿಗೆ ಬಂದಂತೆ ಬೈದರು. ಕೊನೆಗೆ, "ಆಯ್ತು, ಉಸ್ತುವಾರಿ ಆಕಿಗೇ ಅಂತ ಹೇಳು," ಎಂದು ಫೋನ್ ಇಟ್ಟರು.

ಅವಳ ಸಿಟ್ಟು ಇಳಿಯಲಿಲ್ಲ. "ಸರಿ! ನಾನ ತಿದ್ದತೀನಿ!" ಎಂದು ಕುರ್ಚಿ ಎಳೆದು ಕೂತಳು. ಹೆಸರು ಹುಡುಕುತ್ತಾ ಕೈಪಿಡಿಯನ್ನು ತೆರೆದಳು. ಮಾಲೀಕರಾಗಲಿ ಅವಳಾಗಲಿ ಮೊದಲ ಪುಟ ದಾಟಿರಲೇ ಇಲ್ಲ.

'ಮೊದಲು ಒಂದೇ ಕಂಪ್ಯೂಟರಿನಲ್ಲಿ ಪರೀಕ್ಷಿಸಿ. ದಾನೇಶ್ವರಿ ಮೇಡಂ ಹೇಳಿದ್ದು: ಎಲ್ಲಾದಕ್ಕೂ ಒಮ್ಮೆಲೇ ಹಚ್ಚಿದ್ರ ಕೈ ಮುರೀತೀನಿ!'

'ಯಾವ ಆವೃತ್ತಿ ಹಾಕಿದಿರಿ ಎಂದು ಬರೆದಿಡಿ. ದಾನೇಶ್ವರಿ ಮೇಡಂ ಹೇಳಿದ್ದು: ನಿನ್ನೆ ಹಾಕಿದ್ದು ನೆನಪಿಲ್ಲ, ಊಟ ಮಾಡಿದ್ದರ ನೆನಪೈತೇನು?'

ಪುಟಪುಟದಲ್ಲೂ ಅವಳೇ!

"ನಾ ಬೈದದ್ದೆಲ್ಲಾ ಬರಕೊಂಡೀಯೇನು?"

"ಒಂದೂ ಬಿಟ್ಟಿಲ್ರಿ."

"ಈ ಆವೃತ್ತಿ ಮಾತನ್ನ ಮೂರು ಸಲ ಕೇಳಿದ್ದಿ. ಅಷ್ಟೂ ತಿಳಿಯಂಗಿಲ್ಲೇನು ನಿನಗ?"

ಅವನು ತಲೆ ತಗ್ಗಿಸಿದ. "ಮೊದಲನೇ ಸಲಕ್ಕ ತಿಳಿದಿತ್ತು ರೀ. ನಿಮ್ಮ ದನಿ ಕೇಳದಿದ್ರ ನನಗ ದಿನಾನ ಮುಗಿಯಂಗಿಲ್ಲ..."

"ಸುಳ್ಳ ಡೌಟ್ ಕೇಳಿ ನನ್ನ ಟೈಮ್ ಹಾಳು ಮಾಡಿದಿ!"

ಕೂಗಿದಳು, ನಿಜ. ಆದರೆ ಕೆನ್ನೆ ಬಿಸಿಯಾಗಿದ್ದು ಸಿಟ್ಟಿಗಲ್ಲ ಎಂದು ಅವಳಿಗೇ ಗೊತ್ತಿತ್ತು. ತನ್ನ ಹೆಸರು ಟೈಪ್ ಮಾಡಿದಳು. ಅವನದನ್ನು ಅಳಿಸಲು ಹೋದ ಬೆರಳು ಯಾಕೋ ನಿಂತಿತು.

"ಕೈಪಿಡಿ ನೀ ಬರದೀದಿ. ನಿಂದೂ ಇರ್ಲಿ. ಆದ್ರ ನನ್ನ ಹೆಸರಿನ ಕೆಳಗ!"

"ಅಲ್ಲೇ ಇರ್ತೀನಿ ರೀ."

ಅವಳು ಬ್ಯಾಗ್ ಎತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದಳು. "ನಾಳೆ ಫೋನ್ ಮಾಡು. ಮಾಡದಿದ್ರ ಮತ್ತ ಮಸ್ಕಿಗೆ ಬಂದು ಬೈತೀನಿ, ನೋಡು!"

"ಹಂಗಾದ್ರ... ಮಾಡಂಗಿಲ್ಲ ರೀ."