ಕೈಗೆ ಸಿಗದ ಹೌದು

"ಆ ಬಿಳಿ ಕಾರಿಂದ ಇಳಿದಿದ್ದು ನೀವೇ ಅಲ್ವಾ?"

ಹೊಸಕೋಟೆಯ ಕಂಪ್ಯೂಟರ್ ಕ್ಲಾಸಿನ ಮೆಟ್ಟಿಲ ಮೇಲೆ ಅರ್ಪಿತ ಅವನಿಗೆ ಅಡ್ಡ ನಿಂತಳು.

"ಹೂಂ. ಬೈರೇಶ್ ಅಂತ. ಇವತ್ತೇ ಸೇರ್ದೆ," ಎಂದು ಅವನು ನಕ್ಕ.

ನಗು ಚೆನ್ನಾಗಿತ್ತು... ಅದೇ ತೊಂದರೆ! ಆ ಕಾರು ಜಮೀನು ಬ್ರೋಕರನದು. ನಂದಗುಡಿಯಲ್ಲಿ ಅಪ್ಪನ ರಾಗಿ ಹೊಲದ ಬದುವಿನ ಪಕ್ಕ ಪದೇಪದೇ ಬಂದು ನಿಲ್ಲುತ್ತಿತ್ತು. ಆ ಹೊಲ ಹೋದರೆ ಅಪ್ಪ ಉಳಿಯುವುದಿಲ್ಲವೆಂಬ ಭಯ ಅವಳಿಗೆ.

ಕಳ್ಳನನ್ನ ನಂಬಿದರೂ ಕುಳ್ಳನನ್ನ ನಂಬಬಾರದು ಎನ್ನುತ್ತಿದ್ದಳು ಅಮ್ಮ. ಬೈರೇಶನೋ ಅರ್ಪಿತಳ ಭುಜದೆತ್ತರ!

ಒಳಗೆ ಉಮ್ಮೆ ಹಬೀಬಾ ಮೇಡಂ ಪಾಠ ಶುರು ಮಾಡಿದರು. "ವೆಬ್ ಪೇಜಲ್ಲಿರೋ ಬಟನ್‌ಗೆ ಸ್ವಂತ ಬುದ್ಧಿ ಇಲ್ಲ. ಒತ್ತಿದ್ರೆ ಏನಾಗ್ಬೇಕು, ಮೌಸಿನ ಬಾಣ ಹತ್ರ ಬಂದ್ರೆ ಏನಾಗ್ಬೇಕು, ಎಲ್ಲಾ ನೀವೇ ಕೋಡಲ್ಲಿ ಬರೀಬೇಕು. ಬರೀದಿದ್ರೆ ಸುಮ್ನೆ ಬಿದ್ದಿರತ್ತೆ."

ದಿನ ಕಳೆದಂತೆ ಬೈರೇಶ್ ಅವಳು ಕೋಡಲ್ಲಿ ಮರೆತ ಬ್ರಾಕೆಟ್ ಹುಡುಕಿಕೊಟ್ಟ. ಕರೆಂಟ್ ಹೋದಾಗ ಕಡಲೆಕಾಯಿ ಹಂಚಿದ. ಅವನು ಬರದ ದಿನ ಅವಳಿಗೆ ಪಾಠವೇ ತಲೆಗೆ ಹತ್ತಲಿಲ್ಲ.

'ಯಾಕಿಷ್ಟು ಒಳ್ಳೆಯವನು? ಅಪ್ಪನ ಸಹಿಗೆ ನಾನೇ ದಾರಿನಾ...?'

ಒಂದು ಮಧ್ಯಾಹ್ನ ಅವನ ಪರದೆ ಕಣ್ಣಿಗೆ ಬಿತ್ತು.

'ನಂದಗುಡಿ ರೈತರೇ, ಜಮೀನು ಕೊಡ್ತೀರಾ?' ಕೆಳಗೆ ಎರಡು ಬಟನ್: ಹೌದು, ಇಲ್ಲ.

ಅವಳು ಅವನತ್ತ ತಿರುಗಿದಳು. "ಥೂ! ನನ್ನ ಅನುಮಾನ ಸುಳ್ಳಾಗ್ಲಿ ಅಂತ ದೇವರಿಗೆ ಹರಕೆ ಹೊತ್ತಿದ್ದೆ ಕಣ್ರೀ!"

ಬೈರೇಶನ ಮುಖ ಕಪ್ಪಿಟ್ಟಿತು. "ಬಯ್ಯೋಕೆ ಮುಂಚೆ 'ಹೌದು' ಒತ್ತಿ ನೋಡಿ."

ಅವಳು ಸಿಟ್ಟಿನಿಂದ ಮೌಸ್ ಸರಿಸಿದಳು. ಬಾಣ ಹತ್ತಿರ ಬಂದದ್ದೇ ತಡ, 'ಹೌದು' ಚಂಗನೆ ಮೂಲೆಗೆ ಹಾರಿತು! ಅಟ್ಟಿಸಿಕೊಂಡು ಹೋದರೆ ಮತ್ತೊಂದು ಮೂಲೆಗೆ. 'ಇಲ್ಲ' ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ.

"ಬ್ರೋಕರ್ ನನ್ನ ಸೋದರಮಾವ. ನಾನು ಅವನ ಡ್ರೈವರ್. ಊರೋರ ಒಪ್ಪಿಗೆ ಫೋನಲ್ಲೇ ತಗೊಳ್ಳೋಕೆ ಪೇಜ್ ಮಾಡು ಅಂತ ಅವನೇ ಇಲ್ಲಿಗೆ ಸೇರಿಸ್ದ. ಯಾರೂ ಹೊಲ ಕಳ್ಕೋಬಾರ್ದು ಅಂತ ಹಿಂಗೆ ಬರ್ದು, ನೆನ್ನೆ ಅವನಿಗೇ ತೋರಿಸ್ಬಿಟ್ಟೆ... ಕಾರಿನ ಕೀ ಕಿತ್ಕೊಂಡು ಕಳಿಸ್ದ."

ಅರ್ಪಿತಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಮೊದ್ಲೇ ಹೇಳ್ಬಾರ್ದಿತ್ತಾ?"

"ನಂಬ್ತಿದ್ರಾ?"

ಇಲ್ಲ. ನಂಬುತ್ತಿರಲಿಲ್ಲ.

ಕ್ಲಾಸಿನ ಕೊನೆಯ ದಿನ ಅವನು ಅವಳ ಮುಂದೆ ಹೊಸ ಪೇಜ್ ತೆರೆದಿಟ್ಟು ಕಿಟಕಿಯತ್ತ ತಿರುಗಿದ.

'ಅರ್ಪಿತ, ನನ್ನನ್ನ ಮದುವೆ ಆಗ್ತೀರಾ?' ಹೌದು. ಇಲ್ಲ.

ಅನುಮಾನದ ಹುಟ್ಟುಗುಣ ಸುಟ್ಟರೂ ಹೋಗದಲ್ಲ! 'ಈ ಸಲ "ಇಲ್ಲ" ಓಡುತ್ತೆ, ನೋಡ್ತಿರು,' ಎಂದುಕೊಂಡು ಅವಳು ಬಾಣವನ್ನು ಅದರತ್ತ ಒಯ್ದಳು. ಅದು ಓಡಲಿಲ್ಲ. ಒತ್ತಿದಳು.

'ಸರಿ. ಇನ್ನು ಈ ಮಾತು ಎತ್ತಲ್ಲ. ನೀವು ಚೆನ್ನಾಗಿರಿ.'

ಅವಳ ಕಣ್ಣು ತುಂಬಿತು. "ಇದ್ಯಾಕೆ ಓಡ್ಲಿಲ್ಲ?"

"ನಿಮ್ಮ ಉತ್ತರ ನಿಮ್ದು. ಅದನ್ನ ಓಡ್ಸೋಕೆ ನಾನ್ಯಾರು?"

ಅವಳು 'ಹೌದು' ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು.

"ಏನ್ರೀ, ಕೆಟ್ಟೋಗಿದೆಯಾ?"

"ಅದಕ್ಕೇನೂ ಬರ್ದಿಲ್ಲ... ನೀವು ಅದನ್ನ ಒತ್ತೀರ ಅನ್ನೋ ಧೈರ್ಯ ಬರ್ಲಿಲ್ಲ."

"ಜರುಗಿ ಆಕಡೆ!"

ಕಣ್ಣೊರೆಸಿಕೊಂಡು, ಕೀಬೋರ್ಡ್ ಎಳೆದುಕೊಂಡು, ಆ ಖಾಲಿ ಜಾಗದಲ್ಲಿ ಅವಳೇ ಬರೆದಳು. ಬ್ರಾಕೆಟ್ ಮರೆಯಲಿಲ್ಲ.

"ಈಗ ನೀವು ಒತ್ತಿ."

ಅವನು ಒತ್ತಿದ.

'ಭಾನುವಾರ ಅಪ್ಪನ್ನ ಕೇಳೋಕೆ ಬನ್ನಿ. ಬಸ್ಸಲ್ಲೇ ಬನ್ನಿ!'