ಸೋಮಾರಿ ಸೋಮವಾರ

ಭಾನುವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ನಂಜನಗೂಡಿನ ಆಚೆಯ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮುಗಿಸಿದ ನಲವತ್ತು ಜನ ಬಟ್ಟೆ ಬದಲಾಯಿಸುವ ಕೋಣೆಯ ಬೆಂಚುಗಳ ಮೇಲೆ ಸಾಲಾಗಿ ಕೂತಿದ್ದರು. ಎಲ್ಲರ ಹಣೆಗೂ ಎರಡು ಬೆರಳು ಅಗಲದ ಬೂದುಬಣ್ಣದ ಪಟ್ಟಿ, ಎಡಗೈ ಮಣಿಕಟ್ಟಿಗೆ ಅದೇ ಬಣ್ಣದ ಬಳೆ. ನಲವತ್ತು ನಿಮಿಷ ಹಾಗೇ ಕೂರಬೇಕು. ಪಟ್ಟಿಯ ಅಂಚಿನಿಂದ ತೆಳು ನೀಲಿ ಬೆಳಕು ಕಣ್ಣಿಗೆ ಬೀಳುತ್ತಿತ್ತು. ಕೆಲವರು ಆಕಳಿಸುತ್ತಿದ್ದರು, ಒಬ್ಬರು ಹಿಂದಿನ ದಿನದ ಕ್ರಿಕೆಟ್ಟಿನ ಬಗ್ಗೆ ಬಯ್ಯುತ್ತಿದ್ದರು.

ನಲವತ್ತೊಂದನೆಯ ನಿಮಿಷಕ್ಕೆ ಪಟ್ಟಿ ಬಿಚ್ಚಿದಾಗ ಆಕಳಿಕೆ ನಿಂತಿತ್ತು. ಏಳು ರಾತ್ರಿ ಕುಲುಮೆಯ ಪಕ್ಕ ನಿಂತು, ಕೆಂಪಗೆ ಇಳಿದು ಬರುವ ಬಾಟಲಿಗಳನ್ನು ನೋಡಿ ನೋಡಿ ಬೆಂದಿದ್ದ ಚಿರಂತನಿಗೆ ಆಗತಾನೇ ರಾತ್ರಿಯಿಡೀ ಮಲಗಿ ಎದ್ದಂತೆ ಅನ್ನಿಸಿತು. ಹೊಟ್ಟೆ ಇಡ್ಲಿ ಕೇಳುತ್ತಿತ್ತು. ಇದೇ ಹೊತ್ತುಪಟ್ಟಿ.

ಇದು ಬರುವ ಮುಂಚಿನ ಕತೆ ಶಿಫ್ಟಿನಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ. ಮಿಕ್ಕವರಿಗೆ ಹೇಳುವುದಾದರೆ, ನಮ್ಮ ಮೆದುಳಿನೊಳಗೆ, ಕಣ್ಣುಗಳ ಹಿಂದೆ, ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಜೀವಕೋಶಗಳ ಗುಂಪಿದೆ. ದೇಹದ ಗಡಿಯಾರ ಅದು. ಅದನ್ನು ಒಂದು ಗಂಟೆ ಅತ್ತಿತ್ತ ತಿರುಗಿಸಲು ಹೆಚ್ಚುಕಡಿಮೆ ಒಂದು ದಿನ ಬೇಕು. ಕಾರ್ಖಾನೆ ಮಾತ್ರ ವಾರಕ್ಕೊಮ್ಮೆ ಎಂಟು ಗಂಟೆ ತಿರುಗಿಸುತ್ತದೆ: ಈ ವಾರ ಬೆಳಿಗ್ಗೆ, ಮುಂದಿನ ವಾರ ಮಧ್ಯಾಹ್ನ, ಅದರ ಮುಂದಿನ ವಾರ ರಾತ್ರಿ. ಗಡಿಯಾರ ಅಲ್ಲಿಗೆ ಮುಟ್ಟುವಷ್ಟರಲ್ಲಿ ಶಿಫ್ಟ್ ಬೇರೆ. ಹೀಗೆ ಮೂವತ್ತು ವರ್ಷ ಓಡಿದ ಮೇಲೆ ಸಕ್ಕರೆ ಕಾಯಿಲೆ, ಎದೆಯುರಿ, ಎಲ್ಲರ ಮೇಲೂ ಸಿಡುಕು. ಮನೆಯವರು ಪಾಪ ಆ ಸಿಡುಕನ್ನು ದುಡಿಯುವವನ ಸ್ವಭಾವ ಅಂದುಕೊಂಡಿರುತ್ತಾರೆ.

ಡಾಕ್ಟರ್ ಇಂಚರ ಆ ಸಿಡುಕನ್ನು ಉಂಡೇ ಬೆಳೆದವರು. ಅವರ ಅಪ್ಪ ಬೆಟ್ಟಸ್ವಾಮಿ ಇದೇ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸದಲ್ಲಿದ್ದರು. ಕಾರ್ಮಿಕರ ಕಾಲೊನಿಯಲ್ಲಿ ಒಂದು ಪದ್ಧತಿ: ನೈಟ್ ಶಿಫ್ಟ್ ಮುಗಿಸಿದವನು ಹಗಲು ಮಲಗಿದ್ದರೆ ಬಾಗಿಲ ಚಿಲಕಕ್ಕೆ ಕೆಂಪು ಟವಲ್ ಕಟ್ಟಬೇಕು. ಆ ಮನೆಯ ಮುಂದೆ ಸೊಪ್ಪಿನವಳು ಕೂಗುವಂತಿಲ್ಲ, ಮಕ್ಕಳು ಚೆಂಡು ಆಡುವಂತಿಲ್ಲ. ಇಂಚರ ಬಾಲ್ಯವನ್ನು ನೆನೆಸಿಕೊಂಡರೆ ಕಾಣುವುದು ಆ ಟವಲ್ಲು, ತುಟಿಯ ಮೇಲೆ ಬೆರಳಿಟ್ಟ ಅಮ್ಮ. ಆ ಟವಲ್ಲಿನ ಮೇಲಿನ ಸಿಟ್ಟಿಗೇ ಅವರು ಇಪ್ಪತ್ತು ವರ್ಷ ಮೈಸೂರಿನ ಪ್ರಯೋಗಾಲಯದಲ್ಲಿ ಕೂತರು. ಮೊದಲ ಪಟ್ಟಿ ಮೆದುಳನ್ನು ತಿರುಗಿಸಿತು, ಆದರೆ ಹೊಟ್ಟೆ ಕೇಳಲಿಲ್ಲ. ಕರುಳಿಗೂ ಪಿತ್ತಜನಕಾಂಗಕ್ಕೂ ಬೇರೆ ಬೇರೆ ಗಡಿಯಾರಗಳಿವೆ. ಮೂರನೆಯ ಮಾದರಿಗೆ ಮೈಯ ಬಿಸಿ, ನಾಡಿ ಅಳೆಯುವ ಕೈಬಳೆ ಸೇರಿಸಿದಾಗ ಅವೂ ತೆಪ್ಪಗೆ ಮೆದುಳಿನ ಹಿಂದೆ ಬಂದವು, ದಣಿವೂ ಇಳಿಯಿತು.

ಎರಡು ವರ್ಷದಲ್ಲಿ ಕಾರ್ಖಾನೆಯಲ್ಲಿ ಕೈ ಸುಟ್ಟುಕೊಳ್ಳುವುದು ಮುಕ್ಕಾಲು ಪಾಲು ಇಳಿಯಿತು. ಬಾಗಿಲುಗಳಿಂದ ಕೆಂಪು ಟವಲ್ಲುಗಳು ಮಾಯವಾದವು. ಚಿರಂತ ಎಲ್ಲರ ಪರವಾಗಿ, ಕುಲುಮೆಯ ಬಳಿ ತಾನೇ ನಿಂತು ಮಾಡಿಸಿದ ಒಂದು ಹಸಿರು ಗಾಜಿನ ಹೂಜಿಯನ್ನು ತಂದು ಇಂಚರ ಅವರಿಗೆ ಕೊಟ್ಟಿದ್ದ. ಎಲ್ಲ ಚೆನ್ನಾಗಿತ್ತು. ಚೆನ್ನಾಗಿದ್ದುದನ್ನು ಚೆನ್ನಾಗಿರಲು ಬಿಟ್ಟರೆ ಆಡಳಿತದವರಿಗೆ ಸಂಬಳ ಯಾಕೆ ಕೊಡಬೇಕು?

ಒಂದು ಮಂಗಳವಾರ ಕಾರ್ಖಾನೆಯ ಎಚ್.ಆರ್. ಮ್ಯಾನೇಜರ್ ನಿಹಾಲ್ ಪ್ರಯೋಗಾಲಯಕ್ಕೆ ಬಂದರು. ಕೈಯಲ್ಲಿ ಒಂದೇ ಹಾಳೆ.

“ಒಂದು ಚಿಕ್ಕ ಸರ್ಟಿಫಿಕೇಟ್ ಬೇಕಿತ್ತು ಮೇಡಂ. ಶುಕ್ರವಾರದೊಳಗೆ ಕೊಟ್ರೆ ಸಾಕು.”

ಹಾಳೆಯಲ್ಲಿ ಒಂದು ಪ್ರಶ್ನೆ ಇತ್ತು. ‘ಹೊತ್ತುಪಟ್ಟಿ ಧರಿಸಿದ ಕಾರ್ಮಿಕನ ದೇಹಕ್ಕೆ ಪಾಳಿ ಬದಲಾವಣೆಯ ನಂತರ ಹೊಂದಿಕೊಳ್ಳಲು ವಿಶ್ರಾಂತಿಯ ಅಗತ್ಯವಿದೆಯೆ?’ ಕೆಳಗೆ ಎರಡು ಚೌಕ: ಹೌದು, ಇಲ್ಲ.

“ಇದ್ಯಾಕೆ?” ಎಂದರು ಇಂಚರ.

“ಹಳೇ ಅಗ್ರಿಮೆಂಟ್ ಒಂದಿದೆ ಮೇಡಂ. ನೈಟ್ ವಾರ ಮುಗಿದ ಮೇಲಿನ ಸೋಮವಾರ ಒಂದು ದಿನ ರಜೆ ಕೊಡಬೇಕು, ‘ದೇಹವು ಹೊಂದಿಕೊಳ್ಳುವ ಸಲುವಾಗಿ’ ಅಂತ ಬರೆದಿದ್ದಾರೆ. ಈಗ ದೇಹ ನಲವತ್ತು ನಿಮಿಷಕ್ಕೇ ಹೊಂದ್ಕೊಳ್ಳುತ್ತಲ್ಲ? ನೀವೇ ಕಂಡುಹಿಡಿದಿದ್ದು!” ನಿಹಾಲ್ ನಿಜಕ್ಕೂ ಸಂತೋಷದಿಂದ ನಕ್ಕರು. ಕೆಟ್ಟ ಮನುಷ್ಯನೇನಲ್ಲ. ಹಾಳೆಯಲ್ಲಿ ಇದ್ದುದನ್ನು ಬಿಟ್ಟು ಬೇರೇನೂ ಕಾಣದವರು, ಅಷ್ಟೆ.

ಆ ಸೋಮವಾರಕ್ಕೆ ಕಾಲೊನಿಯವರು ಇಟ್ಟ ಹೆಸರು ಸೋಮಾರಿ ಸೋಮವಾರ. ಮೂರು ವಾರಕ್ಕೊಮ್ಮೆ ಬರುವುದು. ವಾರದ ರಜೆ ಯಾವ ದಿನ ಬೀಳುತ್ತದೋ ಗಣಕಯಂತ್ರಕ್ಕೇ ಗೊತ್ತು, ಆದರೆ ಸೋಮಾರಿ ಸೋಮವಾರವನ್ನು ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಮೊದಲೇ ಗುರುತು ಹಾಕಿಕೊಳ್ಳಬಹುದು. ಕಾಲೊನಿ ಶಾಲೆಯಲ್ಲಂತೂ ಆ ದಿನ ಬಾರದ ಮಗುವನ್ನು ಟೀಚರ್ ಕೇಳುವುದೂ ಇಲ್ಲ. “ಅವರಪ್ಪನ ಸೋಮವಾರ” ಎಂದು ಹಾಜರಿ ಪುಸ್ತಕದಲ್ಲಿ ಒಂದು ಚುಕ್ಕೆ ಇಟ್ಟು ಮುಂದಕ್ಕೆ ಹೋಗುತ್ತಾರೆ.

ಸರ್ಟಿಫಿಕೇಟಿನ ಸುದ್ದಿ ಕಾಲೊನಿಗೆ ಮುಟ್ಟಿತು. ಗುರುವಾರ ಸಂಜೆ ಚಿರಂತ ಇಂಚರ ಅವರ ಮನೆಗೇ ಬಂದ. ಬೆಟ್ಟಸ್ವಾಮಿಯವರಿಗೆ ಈಗ ಎಂಬತ್ತು. ಮಗಳ ಜೊತೆ ಇದ್ದಾರೆ. ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವರು ಹುಡುಗನ ಮುಖ ನೋಡಿ “ಕೂತ್ಕೊ ಮಗಾ” ಎಂದು ತಟ್ಟೆ ಸರಿಸಿದರು. ಚಿರಂತ ಕೂರಲಿಲ್ಲ.

“ಮೇಡಂ, ನಿಮ್ಮ ಪಟ್ಟಿನ ಉಲ್ಟಾ ಮಾಡೋಕಾಗುತ್ತಾ?”

“ಅಂದ್ರೆ?”

“ಸುಸ್ತಾಗೋ ಹಂಗೆ. ಭಾನುವಾರ ಬೆಳಿಗ್ಗೆ ಒಂದು ಸಲ. ಕಣ್ಣು ಕೆಂಪಾಗ್ಬೇಕು, ಕೈ ನಡುಗ್ಬೇಕು. ಆವಾಗ ಮಷೀನ್ ನೋಡಿ ಒಪ್ಕೊಳ್ತಾರಲ್ಲ, ಇವನಿಗೆ ರೆಸ್ಟ್ ಬೇಕು ಅಂತ.”

ಇಂಚರ ಅವರಿಗೆ ರೇಗಿಹೋಯಿತು. “ಏನ್ರೀ ಮಾತಾಡ್ತಿದೀರ? ನಿಮಗೆ ಸುಸ್ತಾಗಬಾರದು ಅಂತ ನಾನು ಇಪ್ಪತ್ತು ವರ್ಷ ಒದ್ದಾಡಿದೀನಿ. ಅದನ್ನ ವಾಪಸ್ ಕೊಡಿ ಅಂತಿದೀರಲ್ಲ!”

“ಒದ್ದಾಡಿದೀರ ಮೇಡಂ, ಇಲ್ಲ ಅನ್ನಲ್ಲ. ಕೈ ಮುಗೀತೀನಿ.” ಅವನ ದನಿಯೂ ಏರಿತು. “ಆದ್ರೆ ನಮ್ಮ ಹತ್ರ ಇದ್ದಿದ್ದು ಅದೊಂದೇ ಅಲ್ವಾ? ನನ್ನ ಹೆಂಡ್ತಿ ಪೂರ್ವಿ ಆಸ್ಪತ್ರೆಲಿ ನರ್ಸು. ಅವಳಿಗೂ ಶಿಫ್ಟು, ಅವಳಿಗೂ ಪಟ್ಟಿ. ನಾನು ಅವಳ ಮುಖ ನೋಡೋದು ಎಲ್ಲಿ ಗೊತ್ತಾ? ಕಾರ್ಖಾನೆ ಗೇಟ್ ಹತ್ರ, ಸ್ಕೂಟರ್ ಕೀ ಕೊಡೋವಾಗ. ‘ಹಾಲು ಕಾಯ್ಸಿದೀನಿ’ ಅಂತಾಳೆ, ‘ಚಾರ್ಜ್ ಕಮ್ಮಿ ಇದೆ ಹುಷಾರು’ ಅಂತೀನಿ. ಮುಗೀತು ಸಂಸಾರ. ಆ ಸೋಮವಾರ ಒಂದಕ್ಕೆ ಅವಳು ಮೂರು ಜನರ ಕೈಕಾಲು ಹಿಡಿದು ಡ್ಯೂಟಿ ಬದಲಾಯಿಸ್ಕೊತಾಳೆ. ಮಗಳೂ ಸೇರಿ ಮೂರೂ ಜನ ಕೂತು ಊಟ ಮಾಡ್ತೀವಿ. ಅದನ್ನೂ ಕಿತ್ಕೊಂಡ್ರೆ ನಾನು ಮನೆಲಿ ಬಾಡಿಗೆಗೆ ಇದ್ದ ಹಂಗೇ.”

“ಹಾಗಂತ ಹೇಳಿ ಅವರಿಗೆ!”

“ಹೇಳ್ದೆ. ‘ಅದು ಅಗ್ರಿಮೆಂಟಲ್ಲಿ ಇಲ್ಲಪ್ಪ’ ಅಂದ್ರು. ಯಾವ ಪುಣ್ಯಾತ್ಮ ಬರೆದನೋ ‘ದೇಹ ಹೊಂದಿಕೊಳ್ಳುವ ಸಲುವಾಗಿ’ ಅಂತ! ಅವನ ಕೈ ಸೇದೋಗ. ಬೇರೆ ಏನಾದ್ರೂ ಬರೆಯೋಕೆ ಏನಾಗಿತ್ತು?”

ಅವರೆಕಾಯಿ ಸುಲಿಯುವ ಸದ್ದು ನಿಂತಿತು.

“ನಾನೇ ಕಣಪ್ಪ ಬರೆದಿದ್ದು,” ಎಂದರು ಬೆಟ್ಟಸ್ವಾಮಿ.

ಚಿರಂತ ನಾಲಿಗೆ ಕಚ್ಚಿಕೊಂಡ. “ಅಯ್ಯೋ ತಾತ, ತಪ್ಪಾಯ್ತು...”

“ಇರ್ಲಿ ಬುಡು. ಎರಡ್ಸಾವಿರದ ಹತ್ತೊಂಬತ್ತರಲ್ಲಿ ನಾನೇ ಯೂನಿಯನ್ ಸೆಕ್ರೆಟ್ರಿ. ಹದಿಮೂರು ದಿನ ಗೇಟಲ್ಲಿ ಕೂತಿದ್ವಿ. ಕೊನೇಗೆ ಆಗಿನ ಮ್ಯಾನೇಜರ್ರು ಒಂದು ದಿನ ಕೊಡೋಕೆ ಒಪ್ಪಿದ. ‘ಕಾರಣ ಏನಂತ ಬರೀಲಿ?’ ಅಂದ. ಮನೆಲಿ ಇರ್ಬೇಕು ಅಂದ್ರೆ ನಗ್ತಿದ್ದ. ಮೈ ಸರಿ ಹೋಗ್ಬೇಕು ಅಂದೆ, ಹ್ಞೂಂ ಅಂದ. ಮೈ ಅಂದ್ರೆ ಅವರಿಗೆ ಅರ್ಥ ಆಯ್ತದೆ. ಮಷೀನ್ ಥರಾನೇ ಅಲ್ವಾ, ಎಣ್ಣೆ ಬಿಡ್ಬೇಕು, ತಣ್ಣಗಾಗ್ಬೇಕು.”

“ಸುಳ್ಳೇನಲ್ವಲ್ಲ ಅಪ್ಪ,” ಎಂದರು ಇಂಚರ. “ನಿಮಗೆ ರೆಸ್ಟ್ ಬೇಕೇ ಬೇಕಿತ್ತು.”

“ಬೇಕಿತ್ತು ಕಣವ್ವ. ಆದ್ರೆ ಆ ಸೋಮವಾರ ನಾನು ಒಂದು ದಿನವಾದ್ರೂ ಮಲಗಿದ್ದು ನೋಡಿದ್ಯಾ ನೀನು?”

ಇಂಚರ ನೆನಪಿಸಿಕೊಳ್ಳಲು ನೋಡಿದರು. ಅಪ್ಪ ಎಂದರೆ ಮಲಗಿದ ಅಪ್ಪ, ಟವಲ್ಲಿನ ಹಿಂದಿನ ಅಪ್ಪ. ಆದರೆ ಕಪಿಲೆಯ ಸ್ನಾನಘಟ್ಟದಲ್ಲಿ ಸೊಂಟಕ್ಕೆ ಪಂಚೆ ಬಿಗಿದು ತಮಗೆ ಈಜು ಕಲಿಸಿದ್ದು ಯಾರು? ಎರಡು ಜಡೆಯನ್ನು ಒಂದು ಮೇಲೆ ಒಂದು ಕೆಳಗೆ ಹೆಣೆದು, ಅಮ್ಮನ ಕೈಲಿ ಬೈಸಿಕೊಂಡು, ಬಿಚ್ಚಿ ಮತ್ತೆ ಹೆಣೆದದ್ದು? ಅದನ್ನು ಅವರು ಬೇಸಿಗೆ ರಜೆ ಅಂತಲೋ ಹಬ್ಬ ಅಂತಲೋ ತಲೆಯಲ್ಲಿ ಎಲ್ಲೋ ಇಟ್ಟುಬಿಟ್ಟಿದ್ದರು. ಅವೆಲ್ಲ ಸೋಮವಾರಗಳು.

“ಕಣ್ಣು ಉರೀತಿತ್ತು, ತಲೆ ಸುತ್ತುತಿತ್ತು,” ಎಂದರು ಬೆಟ್ಟಸ್ವಾಮಿ. “ಆದ್ರೂ ಮಲಗ್ಲಿಲ್ಲ. ಮಲಗೋಕಾ ನಾನು ಹದಿಮೂರು ದಿನ ಗೇಟಲ್ಲಿ ಕೂತಿದ್ದು?”

ಇಂಚರ ಅವರಿಗೆ ಅಳು ಬಂತು, ಅದರ ಹಿಂದೆಯೇ ಕೋಪವೂ ಬಂತು. ಅಪ್ಪನ ಮೇಲೆ, ನಿಹಾಲ್ ಮೇಲೆ, ತಮ್ಮ ಮೇಲೆ. ಅಪ್ಪನಿಗೆ ನಿದ್ದೆ ಕೊಡಬೇಕೆಂದು ಹೊತ್ತುಪಟ್ಟಿ ಮಾಡಿದರು. ಅಪ್ಪ ನಿದ್ದೆಯ ಹೆಸರು ಹೇಳಿ ತಂದುಕೊಂಡಿದ್ದ ಒಂದು ದಿನವನ್ನು ಆ ಪಟ್ಟಿ ನುಂಗಿತು.

ಶುಕ್ರವಾರ ಅವರು ಚಿರಂತನನ್ನು ಕರೆದುಕೊಂಡು ಕಾರ್ಖಾನೆಗೇ ಹೋದರು. ರಾತ್ರಿಯೆಲ್ಲ ಯೋಚಿಸಿದ್ದರು: ‘ಹೌದು’ ಎಂದು ಗೀಚಿದರೆ ಯಾರಿಗೆ ನಷ್ಟ? ಆದರೆ ಅದು ಸುಳ್ಳು. ಇಪ್ಪತ್ತು ವರ್ಷದ ಅಂಕಿಅಂಶಗಳು ಲೋಕದ ಮುಂದಿವೆ; ಇನ್ನೊಂದು ಪ್ರಯೋಗಾಲಯ ಒಂದೇ ವಾರದಲ್ಲಿ ಅದನ್ನು ಸುಳ್ಳೆಂದು ತೋರಿಸುತ್ತದೆ. ಮೇಲಾಗಿ ಒಂದು ಸಲ ಮೈಯ ನೆಪ ಹೇಳಿ ಆಗಿದೆ. ಎರಡನೇ ಸಲವೂ ಅದನ್ನೇ ಹೇಳಬೇಕೆ?

ನಿಹಾಲ್ ಅವರ ಮೇಜಿನ ಮುಂದೆ ಕೂತು ಅವರು ‘ಇಲ್ಲ’ ಚೌಕಕ್ಕೆ ಗುರುತು ಹಾಕಿದರು. ಪಕ್ಕದಲ್ಲಿದ್ದ ಚಿರಂತ ತಲೆ ತಗ್ಗಿಸಿದ. ಇಂಚರ ಪೆನ್ನು ಕೆಳಗಿಡಲಿಲ್ಲ. ಹಾಳೆಯ ಖಾಲಿ ಜಾಗದಲ್ಲಿ ತಾವೇ ಇನ್ನೊಂದು ಪ್ರಶ್ನೆ ಬರೆದರು: ‘ಕಾರ್ಮಿಕನಿಗೆ ಮನೆಯಲ್ಲಿರಲು ಒಂದು ದಿನದ ಅಗತ್ಯವಿದೆಯೆ?’ ಅದರ ಮುಂದೆ ‘ಹೌದು’ ಎಂದು ಬರೆದು, ಸಹಿ ಮಾಡಿದರು.

“ಮೇಡಂ, ಇದು ಫಾರ್ಮ್‌ನಲ್ಲಿ ಇರ್ಲಿಲ್ಲ,” ಎಂದರು ನಿಹಾಲ್.

“ಅದಕ್ಕೇ ಬರೆದೆ.”

“ಇದು ವೈಜ್ಞಾನಿಕ ಪ್ರಶ್ನೆ ಅಲ್ವಲ್ಲ. ನೀವು ಹೇಗೆ ಸರ್ಟಿಫೈ ಮಾಡ್ತೀರ?” ಅವರು ಹತಾಶೆಯಿಂದ ಗಣಕಯಂತ್ರವನ್ನು ಇತ್ತ ತಿರುಗಿಸಿದರು. “ನೋಡಿ, ರಜೆ ಬೇಕಾದೋರು ಅಪ್ಲೈ ಮಾಡ್ಲಿ. ಬೇಡ ಅಂದೋರು ಯಾರು? ಕಾರಣ ಆರಿಸ್ಕೊಳ್ಳಿ, ಅಷ್ಟೆ.”

ಪರದೆಯ ಮೇಲೆ ಕಾರಣಗಳ ಪಟ್ಟಿ ಇತ್ತು. ಜ್ವರ. ವಾಂತಿ. ಬೆನ್ನುನೋವು. ನಿಶ್ಶಕ್ತಿ. ಹತ್ತಿರದ ಬಂಧುವಿನ ಮರಣ. ಚಿರಂತ ಅದನ್ನು ಮೇಲಿಂದ ಕೆಳಗೆ ಓದಿದ. “ಜ್ವರ ಅಂತ ಒತ್ತಿದ್ರೆ ಕೈಬಳೆ ನೋಡಿ ಸುಳ್ಳು ಅಂತಾರೆ ಸಾರ್. ನಿಶ್ಶಕ್ತಿನೂ ಅಷ್ಟೆ. ಉಳಿದಿದ್ದು ಕೊನೇದೊಂದು. ಯಾರನ್ನ ಸಾಯಿಸ್ಲಿ?”

“ಇನ್ನೊಂದು ಕಾರಣ ಸೇರಿಸಿ,” ಎಂದರು ಇಂಚರ.

“ಏನಂತ?”

“ಮನೆ.”

ನಿಹಾಲ್ ತಲೆ ಚಚ್ಚಿಕೊಂಡರು. “ಅದೊಂದು ಕಾರಣವಾ ಮೇಡಂ? ಹಾಗಂದ್ರೆ ಎಲ್ಲರೂ ಅದನ್ನೇ ಒತ್ತುತ್ತಾರೆ!”

“ಒತ್ತಲಿ.”

ಪರದೆಯ ಮೂಲೆಯಲ್ಲಿ ನಿಹಾಲ್ ಅವರದೇ ರಜೆಯ ವಿವರವೂ ಕಾಣುತ್ತಿತ್ತು. ಹಿಂದಿನ ಬುಧವಾರ, ಅರ್ಧ ದಿನ, ಬೆನ್ನುನೋವು. ಚಿರಂತ ಅದನ್ನು ನೋಡಿ ಒಳ್ಳೆಯ ಮನಸ್ಸಿನಿಂದಲೇ ಕೇಳಿದ: “ಈಗ ಹೆಂಗಿದೆ ಸಾರ್ ಬೆನ್ನು? ಬುಧವಾರ ನಮ್ಮ ಪೂರ್ವಿ ನಿಮ್ಮನ್ನ ಮಗಳ ಡ್ಯಾನ್ಸ್ ಪ್ರೋಗ್ರಾಮಲ್ಲಿ ನೋಡಿದ್ಳಂತೆ. ಮುಂದಿನ ಸಾಲಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೀತಿದ್ರಂತೆ.”

ನಿಹಾಲ್ ಮುಖ ಕೆಂಪಗಾಯಿತು. ಅವರು ಪಟ್ಟಿ ಹಾಕಿಕೊಳ್ಳುವ ದರ್ಜೆಯವರಲ್ಲ. ಹಾಗಾಗಿ ಬೆನ್ನುನೋವು ಬರುವ ಸ್ವಾತಂತ್ರ್ಯ ಅವರಿಗೆ ಇನ್ನೂ ಉಳಿದಿತ್ತು. ಅವರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಜ್ವರದಿಂದ ಮರಣದವರೆಗೆ ಆ ಕಾರಣಗಳನ್ನೆಲ್ಲ ಮತ್ತೊಮ್ಮೆ ಓದಿದರು.

ಅವರು ‘ಮನೆ’ ಎಂಬ ಪದವನ್ನು ಸೇರಿಸಿದರೋ ಇಲ್ಲವೋ, ಅದು ಇನ್ನೂ ಬಾರದ ಕಾಲದ ಮಾತು. ನಮ್ಮ ಕಾಲದಲ್ಲಿ ಹೊತ್ತುಪಟ್ಟಿ ಇಲ್ಲ. ನಮ್ಮ ಸುಸ್ತು, ನಮ್ಮ ಜ್ವರ, ನಮ್ಮ ಬೆನ್ನುನೋವು ಎಲ್ಲ ನಮ್ಮ ಕೈಯಲ್ಲೇ ಇವೆ, ಯಾರೂ ಅಳೆದು ನೋಡುವುದಿಲ್ಲ. ಕಳೆದ ಸಲ ಮಗಳ ಜೊತೆ ಇರಬೇಕೆಂದು ರಜೆ ಹಾಕಿದಿರಲ್ಲ, ಆ ಚೀಟಿಯಲ್ಲಿ ‘ಕಾರಣ’ ಎಂಬಲ್ಲಿ ನೀವು ಏನು ಬರೆದಿದ್ದಿರಿ?